ಕಾಗದಕ್ಕೆ ಇಳಿದ ಗವಂತಿ

ನಾನು ಕಾಗದದ ಮೇಲೆ ಹೊಲಿದ ಮೊದಲ ಗೋಪುರ ಅಂಚೆಚೀಟಿ ಹರಿದ ಹಾಗೆ ಹರಿದು ಕೈಗೆ ಬಂತು. ದೀಪಾವಳಿಗೆ ಇನ್ನು ಹದಿನೈದು ದಿನವಿತ್ತು. ಡೊಂಬಿವಲಿಯ ಮನೆಯ ಊಟದ ಮೇಜಿನ ಮೇಲೆ ಬೋರಾ ಬಜಾರಿನಿಂದ ತಂದ ಕೆನೆಬಣ್ಣದ ಹ್ಯಾಂಡ್‌ಮೇಡ್ ಪೇಪರು, ಕುಂಕುಮಗೆಂಪಿನ ದಾರ, ಅಮ್ಮನ ಕಾಲದ ಸೂಜಿಡಬ್ಬಿ ಹರಡಿಕೊಂಡು ಕೂತಿದ್ದೆ. ಬಟ್ಟೆಯ ಮೇಲಾದರೆ ಹೊಲಿಗೆ ಒತ್ತಾದಷ್ಟೂ ಚೆಂದ. ಅದೇ ಅಭ್ಯಾಸದಲ್ಲಿ ಮಿಲಿಮೀಟರಿಗೊಂದು ತೂತು ಹಾಕಿದ್ದೆ. ಕಡೆಯ ಎಳೆಯನ್ನು ಬಿಗಿ ಮಾಡೋಣವೆಂದು ತುಸು ಜಗ್ಗಿದೆ, ಅಷ್ಟೇ. ಗೋಪುರ ಕಳಸದ ಸಮೇತ ಕಾರ್ಡಿನಿಂದ ಬಿಡಿಸಿಕೊಂಡು ಬಂತು. ಕಾರ್ಡಿನಲ್ಲಿ ಉಳಿದದ್ದು ಗೋಪುರದ ಆಕಾರದ ಒಂದು ಕಿಟಕಿ.

ಧಾರವಾಡದಿಂದ ಬಂದಿದ್ದ ಚಿಗವ್ವ ಎರಡೂ ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ನಕ್ಕುಬಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಗಲಿಲ್ಲ. "ಏ ಹುಚ್ಚಿ, ಕಾಗದಕ್ಕ ಎಳಿ ಎಲ್ಲಿರ್ತಾವ? ಏನ ಎಣಿಸಿ ಹಾಕಿದಿ ಇದನ್ನ?" ಅಂದಳು.

ಉತ್ತರ ಸಿಗಲು ಮುಂದಿನ ದೀಪಾವಳಿಯವರೆಗೆ ಹಿಡಿಯಿತು.

ಚಿಗವ್ವನ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಬರೆದುಕೊಳ್ಳುವುದಿಲ್ಲ, ಅಚ್ಚು ಒತ್ತಿಕೊಳ್ಳುವುದಿಲ್ಲ. ನೇಯ್ಗೆಯ ಹಾಸುಹೊಕ್ಕೇ ಅದರ ಚೌಕುಳಿ. ಇಷ್ಟು ಎಳೆ ಬಿಟ್ಟು ಚುಚ್ಚು, ಇಷ್ಟು ಎಳೆ ದಾಟಿ ಮೇಲೆ ತೆಗೆ ಎಂಬ ಎಣಿಕೆಯಲ್ಲೇ ಇರಕಲ್ ಸೀರೆಯ ಸೆರಗಿನ ಮೇಲೆ ತೇರು ಎದ್ದಿದೆ, ಖಣದ ಕುಬಸದ ತೋಳಿಗೆ ನವಿಲು ಬಂದಿದೆ, ಕೂಸಿನ ಕುಂಚಿಗೆಗೆ ತುಳಸಿಕಟ್ಟೆ, ಅಂಬಾರಿಯ ಆನೆ ಹತ್ತಿವೆ. ಹೊಲಿಗೆ ನಾಲ್ಕೇ ನಾಲ್ಕು. ಗಂಟು ಎಂಬ ಮಾತಿನಿಂದ ಬಂದದ್ದು ಎನ್ನುವ ಗವಂತಿ, ಮೆಟ್ಟಿಲು ಮೆಟ್ಟಿಲಾಗಿ ಓಡುವ ಮುರ್ಗಿ, ನೇಯ್ಗೆಯನ್ನೇ ಅಣಕಿಸುವ ನೇಗಿ, ಮೆಂತೆಕಾಳಿನ ಹಾಗೆ ಕೂರುವ ಅಡ್ಡಗೀಟಿನ ಮೆಂತೆ. ಹೆಸರಿನಲ್ಲಿ ಗಂಟಿದ್ದರೂ ದಾರದ ತುದಿಗೆ ಗಂಟು ಹಾಕುವಂತಿಲ್ಲ ಎನ್ನುವುದು ಗವಂತಿಯ ತಮಾಷೆ. ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಹೋಗಬೇಕು, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಬರಬೇಕು. ಸರಿಯಾಗಿ ಹೋಗಿಬಂದರೆ ಬಟ್ಟೆಯ ಮೇಲ್ಗಡೆ, ಒಳಗಡೆ ಎರಡೂ ಒಂದೇ ಥರ ಕಾಣುತ್ತವೆ. ಆ ಕಡೆಯ ಹೆಂಗಸರು ಕಸೂತಿ ಸೀರೆ ಕೈಗೆ ಬಂದ ಕೂಡಲೇ ಮೊದಲು ಮಗುಚಿ ನೋಡುವುದು ಅದಕ್ಕೇ.

ಮುಂಬೈಯಲ್ಲಿ ಕೂತು ಕಸೂತಿಯ ಮಾತೇಕೆ ಎನ್ನುವವರಿಗೆ ಒಂದು ಮಾತು. ಅದರ ತವರಾದ ಧಾರವಾಡ, ವಿಜಯಪುರ, ಬೆಳಗಾವಿಗಳು 1956ರ ನವೆಂಬರ್ 1ರವರೆಗೆ ಮುಂಬೈ ಸರ್ಕಾರದ ಕೈಕೆಳಗೇ ಇದ್ದವು. 'ಮುಂಬೈ ಕರ್ನಾಟಕ' ಎಂಬ ಹೆಸರು ಹೋಗಿ 'ಕಿತ್ತೂರು ಕರ್ನಾಟಕ' ಆದದ್ದು 2021ರಲ್ಲಿ, ಮೊನ್ನೆ ಮೊನ್ನೆ. ಸಿಎಸ್‌ಎಂಟಿ ನಿಲ್ದಾಣದಿಂದ ಹೊರಬಿದ್ದರೆ ಪಕ್ಕದಲ್ಲೇ ಕಾಣುವ ಜಿಪಿಒ ಕಟ್ಟಡದ ಗುಮ್ಮಟ ನೋಡಿ. 1904ರಲ್ಲಿ ಶುರುವಾಗಿ 1913ರಲ್ಲಿ ಮುಗಿದ ಆ ಕಟ್ಟಡಕ್ಕೆ ನಕ್ಷೆ ಬರೆದ ಜಾನ್ ಬೆಗ್ ಕಣ್ಣಮುಂದೆ ಇಟ್ಟುಕೊಂಡದ್ದು ವಿಜಯಪುರದ ಗೋಳಗುಮ್ಮಟವನ್ನು. ಊರಿನ ಅಂಚೆಯೆಲ್ಲ ಗೋಳಗುಮ್ಮಟದಡಿ ಬಂದು ಹೋಗುತ್ತಿರುವಾಗ ಲಕೋಟೆಯೊಳಗಿನ ಕಾರ್ಡಿನ ಮೇಲೆ ವಿಜಯಪುರದ ಹೊಲಿಗೆ ಇದ್ದರೆ ಪರಕೀಯವೇನಲ್ಲ.

ಕಾಗದಕ್ಕೆ ಸೂಜಿ ಹಾಕುವುದು ಈ ಊರಿಗೆ ಹೊಸದೂ ಅಲ್ಲ. ದೀಪಾವಳಿ ಹತ್ತಿರ ಬಂದರೆ ಕಾಳಬಾದೇವಿ, ಭುಲೇಶ್ವರಗಳ ಅಂಗಡಿಗಳಲ್ಲಿ ಕೆಂಪು ಬಟ್ಟೆಯ ರಟ್ಟಿನ ಚೋಪಡಾ ರಾಶಿ ಬೀಳುತ್ತವೆ. ಗುಜರಾತಿ ವ್ಯಾಪಾರಿಗಳು ಲಕ್ಷ್ಮೀಪೂಜೆಯ ದಿನ ಪೂಜಿಸಿ ಹೊಸ ಲೆಕ್ಕ ಬರೆಯುವ ಪುಸ್ತಕ. ಅದರ ರಟ್ಟಿನ ಮೇಲೆ ಬಿಳಿ ದಾರದ ಹೊಲಿಗೆ ಸಾಲುಸಾಲಾಗಿ ಓಡಿರುತ್ತದೆ. ಲೆಕ್ಕಪತ್ರವೆಲ್ಲ ಕಂಪ್ಯೂಟರಿಗೆ ಹೋದ ಮೇಲೂ ಪೂಜೆಗೆ ಒಂದು ಚೋಪಡಾ ಬೇಕು. ಇನ್ನು ಜಿಪಿಒ ಹೊರಗೆ ಪಾರ್ಸೆಲ್ ಕಟ್ಟುವವರು. ಬಿಳಿ ಬಟ್ಟೆಯಲ್ಲಿ ಪೆಟ್ಟಿಗೆ ಸುತ್ತಿ, ದಬ್ಬಣದಲ್ಲಿ ಸರಸರ ಹೊಲಿದು, ಅರಗಿನ ಮುದ್ರೆ ಒತ್ತುವ ಅವರ ಕೈಯ ವೇಗ ನೋಡುತ್ತ ನಾನು ಎಷ್ಟೋ ಸಲ ಲೋಕಲ್ ತಪ್ಪಿಸಿಕೊಂಡಿದ್ದೇನೆ.

ಅಷ್ಟಿದ್ದೂ ನನ್ನ ಗೋಪುರ ಹರಿದದ್ದೇಕೆ? ಬಟ್ಟೆಯಲ್ಲಿ ಸೂಜಿ ಹೋದರೆ ಎಳೆಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಸೂಜಿ ತೆಗೆದು ಉಗುರಿನಿಂದ ತೀಡಿದರೆ ತೂತು ಮುಚ್ಚಿಹೋಗುತ್ತದೆ. ಕಾಗದದಲ್ಲಿ ಸರಿಯುವ ಎಳೆಯಿಲ್ಲ, ಚುಚ್ಚಿದರೆ ನಾರು ತುಂಡಾಗುತ್ತದೆ. ಸಾಲಾಗಿ ಚುಚ್ಚಿದರೆ ಹರಿಯುವುದಕ್ಕೆ ಗೆರೆ ಹಾಕಿಕೊಟ್ಟ ಹಾಗೆ. ಅಂಚೆ ಇಲಾಖೆ ಚೀಟಿಗಳ ನಡುವೆ ಬೇಕೆಂದೇ ಮಾಡಿಡುವ ಕೆಲಸವನ್ನು ನಾನು ತಿಳಿಯದೆ ಮಾಡಿದ್ದೆ.

ಆದರೂ ಸೂಜಿಯನ್ನು ಚೆನ್ನಾಗಿ ತಾಳಿಕೊಳ್ಳುವ ಕಾಗದವೊಂದಿದ್ದರೆ ಅದು ಕೈಯಿಂದ ಮಾಡಿದ್ದೇ. ಏಕೆಂದರೆ ಅದು ಹಿಂದಿನ ಜನ್ಮದಲ್ಲಿ ಬಟ್ಟೆ. ಬನಿಯನ್ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಬಿಳಿ ಹತ್ತಿಯ ಚೂರುಗಳನ್ನು ಮೂಟೆಗಟ್ಟಲೆ ಕೊಂಡು, ಬೇಡದ್ದನ್ನು ಆರಿಸಿ ತೆಗೆದು, ಕೊಚ್ಚಿ, ನೀರಿನೊಡನೆ ಬೀಟರಿಗೆ ಹಾಕಿ ಗಂಟೆಗಟ್ಟಲೆ ಅರೆಯುತ್ತಾರೆ. ಅಂಬಲಿಯ ಹದಕ್ಕೆ ಬಂದ ತಿರುಳನ್ನು ತೊಟ್ಟಿಗೆ ಸುರಿದು, ಜಾಲರಿಯ ಚೌಕಟ್ಟನ್ನು ಮುಳುಗಿಸಿ ಎತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿಸಿ ನೀರಿಳಿಸಿದರೆ ಒಂದು ಹಾಳೆ. ಅದನ್ನು ಬಟ್ಟೆಯ ಮೇಲೆ ಮಗುಚಿ, ಒತ್ತಿ, ಒಣಗಿಸಿ, ಉರುಳೆಗೆ ಕೊಟ್ಟು ನಯ ಮಾಡುತ್ತಾರೆ. ಮಿಲ್ಲಿನ ಕಾಗದದಲ್ಲಿ ನಾರುಗಳೆಲ್ಲ ಯಂತ್ರ ಓಡಿದ ದಿಕ್ಕಿಗೆ ಮಲಗಿರುತ್ತವೆ, ಆ ದಿಕ್ಕಿಗೆ ಸರ್ರನೆ ಹರಿಯುತ್ತದೆ. ಕೈಕಾಗದದಲ್ಲಿ ನಾರು ಮನಬಂದ ಕಡೆಗೆ ಮುಖ ಮಾಡಿ ಒಂದನ್ನೊಂದು ತಬ್ಬಿಕೊಂಡಿರುತ್ತದೆ. ಹತ್ತಿಯ ನಾರು ಮರದ ತಿರುಳಿನ ನಾರಿಗಿಂತ ಉದ್ದ ಕೂಡ. ಹಾಗಾಗಿ ಕೈಕಾಗದ ಹರಿಯುವ ಮುಂಚೆ ಸ್ವಲ್ಪ ಹಟ ಮಾಡುತ್ತದೆ.

ಈ ಕಾಗದಕ್ಕೆ ನಮ್ಮ ಕಾಲದಲ್ಲಿ ಮತ್ತೆ ಜೀವ ಬಂದ ಕಥೆಯಲ್ಲಿ ಮುಂಬೈಯ ಒಬ್ಬ ಲೆಕ್ಕಪರಿಶೋಧಕರಿದ್ದಾರೆ. ಲಂಡನ್ನಿನಲ್ಲಿ ಕಲಿತು ಬಂದು ಇಲ್ಲಿ ಕಚೇರಿ ನಡೆಸುತ್ತಿದ್ದ ಜೆ.ಸಿ. ಕುಮಾರಪ್ಪ 1929ರಲ್ಲಿ ಗಾಂಧೀಜಿಯನ್ನು ಕಂಡ ಮೇಲೆ ಕೋಟು ಬಿಚ್ಚಿಟ್ಟರು. 1934ರಲ್ಲಿ ವಾರ್ಧಾದಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘಕ್ಕೆ ಅವರೇ ಕಾರ್ಯದರ್ಶಿ. ಸಂಘ ಕೈಗೆತ್ತಿಕೊಂಡ ಕಸುಬುಗಳಲ್ಲಿ ಕೈಕಾಗದವೂ ಒಂದು. ಜೈಪುರದ ಬಳಿಯ ಸಾಂಗಾನೇರಿನಲ್ಲಿರುವ ರಾಷ್ಟ್ರೀಯ ಕೈಕಾಗದ ಸಂಸ್ಥೆಗೆ ಇರುವುದು ಅವರ ಹೆಸರೇ. ಈ ಉದ್ಯಮವನ್ನು ನೋಡಿಕೊಳ್ಳುವ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರ ಕಚೇರಿ ನಮ್ಮ ವಿಲೆಪಾರ್ಲೆಯ ಇರ್ಲಾದಲ್ಲಿದೆ. ಕಾಗದ ಮಾತ್ರ ಸಾಂಗಾನೇರಿನಿಂದಲೋ ಪುದುಚೇರಿಯಿಂದಲೋ ಬರಬೇಕು. 1982ರ ಜನವರಿ 18ರ ಮುಷ್ಕರಕ್ಕೆ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕಾರ್ಮಿಕರು ಇಳಿದ ಊರಿನಲ್ಲಿ, ಗಿರಣಿ ಕೆಡವಿ ಮಾಲ್ ಕಟ್ಟಿದ ಲೋವರ್ ಪರೇಲಿನಲ್ಲಿ, ಬಟ್ಟೆಯಿಂದ ಮಾಡಿದ ಕಾಗದವನ್ನು ಕೈಯಲ್ಲಿ ಹಿಡಿದು ನಡೆದರೆ ಏನೋ ಒಂದು ಥರ ಅನಿಸುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಹೂವಿನ ಪಕಳೆ, ಹುಲ್ಲಿನ ಚೂರು ಬೆರೆಸಿದ ಹಾಳೆಗಳು ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುತ್ತವೆ. ನೋಡಲು ಚೆಂದ, ಸೂಜಿಗೆ ಕೇಡು. ಪಕಳೆ ಇದ್ದ ಕಡೆ ನಾರು ಕೂಡಿರುವುದಿಲ್ಲ, ತೂತು ಬೀಳುತ್ತಲೇ ಪಕಳೆ ಉದುರುತ್ತದೆ. ಸಾದಾ ಹಾಳೆಯೇ ಬೇಕು, 200ರಿಂದ 300 ಜಿಎಸ್‌ಎಂ ದಪ್ಪದ್ದು. ಅದಕ್ಕಿಂತ ತೆಳುವಾದರೆ ದಾರದ ಬಿಗಿಗೆ ಮುದುಡುತ್ತದೆ, ದಪ್ಪವಾದರೆ ಮಡಿಸಿದ ಕಡೆ ಬಿರುಕು ಬಿಡುತ್ತದೆ.

ಚಿಗವ್ವ ಕೇಳಿದ 'ಏನ ಎಣಿಸಿದಿ' ಎಂಬುದಕ್ಕೆ ಕಡೆಗೆ ಸಿಕ್ಕ ಉತ್ತರ, ಮಕ್ಕಳ ಗಣಿತದ ಗ್ರಾಫ್ ಹಾಳೆ. ಎಣಿಸಲು ಎಳೆ ಇಲ್ಲದ ಕಡೆ ಚೌಕುಳಿಯನ್ನೇ ಕಾಗದದ ಮೇಲೆ ಹೊದಿಸಬೇಕು. ಗ್ರಾಫ್ ಹಾಳೆಯಲ್ಲಿ ತೇರು ಬರೆದುಕೊಂಡು, ಮಡಿಸಿದ ಕಾರ್ಡಿನ ಮುಂದಿನ ಮಗ್ಗುಲ ಮೇಲೆ ಕ್ಲಿಪ್ ಹಾಕಿ ಕೂರಿಸಿ, ಕೆಳಗೆ ಹಳೆಯ ಮೌಸ್‌ಪ್ಯಾಡ್ ಇಟ್ಟು, ಒಂದೊಂದು ಮೂಲೆಗೂ ಸೂಜಿ ನೆಟ್ಟಗೆ ಇಳಿಸುತ್ತ ಹೋಗುವುದು. ಸೂಜಿಯ ತಲೆಯನ್ನು ಒಂದು ಬೂಚಿಗೆ ಸಿಕ್ಕಿಸಿಕೊಂಡರೆ ಬೆರಳು ನೋಯುವುದಿಲ್ಲ. ತೂತು ಮೇಲಿನಿಂದಲೇ ಹಾಕಬೇಕು, ಹಿಂದಿನಿಂದ ಹಾಕಿದರೆ ತೂತಿನ ತುಟಿ ಮುಂಬದಿಗೆ ಉಬ್ಬುತ್ತದೆ. ತೂತಿನಿಂದ ತೂತಿಗೆ ಕಡಮೆಯೆಂದರೆ ಮೂರು ಮಿಲಿಮೀಟರ್. ಹಾಗೆ ಮೊದಲು ಎಲ್ಲ ತೂತನ್ನೂ ಹಾಕಿ ಮುಗಿಸಿ ಕಾರ್ಡನ್ನು ಬೆಳಕಿಗೆ ಹಿಡಿದರೆ, ಒಂದು ಎಳೆ ದಾರವೂ ಬೀಳದೆ ತೇರು ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತದೆ. ನಿಜ ಹೇಳಬೇಕೆಂದರೆ ನನಗೆ ಎಷ್ಟೋ ಸಲ ಅಲ್ಲಿಗೇ ನಿಲ್ಲಿಸಿಬಿಡೋಣ ಅನಿಸಿದೆ. ಅಲಿಘಡದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಕಲಾವಿದೆ ಜರೀನಾ ಹಾಶ್ಮಿ 1970ರ ದಶಕದಲ್ಲಿ ಅಲ್ಲಿಗೇ ನಿಲ್ಲಿಸಿದವರು. ಬಣ್ಣವಿಲ್ಲ, ದಾರವಿಲ್ಲ, ಬಿಳಿಯ ಕಾಗದದ ಮೇಲೆ ಸೂಜಿಯ ತೂತುಗಳದೇ ಚಿತ್ರ.

ದಾರದ ಮಾತಿಗೆ ಬಂದರೆ, ಆಂಕರ್ ದಾರದ ಒಂದು ಲಡಿಯಲ್ಲಿ ಎಂಟು ಮೀಟರ್, ಅದರೊಳಗೆ ಆರು ಎಳೆ. ಕಾಗದಕ್ಕೆ ಒಂದೇ ಎಳೆ ಸಾಕು. ಗವಂತಿಯಲ್ಲಿ ಹೋಗುವಾಗೊಮ್ಮೆ ಬರುವಾಗೊಮ್ಮೆ ಅದೇ ತೂತಿನಲ್ಲಿ ಸೂಜಿ ನುಗ್ಗುತ್ತದೆ, ಗೆರೆಗಳು ಕೂಡುವ ಮೂಲೆಯಲ್ಲಿ ಇನ್ನೂ ಹೆಚ್ಚು ಸಲ. ಮೆಂತೆ ಹಾಕಿದರೆ ನಾಲ್ಕು ಗೀಟುಗಳು ಒಂದೇ ತೂತನ್ನು ಹಂಚಿಕೊಳ್ಳುತ್ತವೆ. ತುಂಬ ಮೆಂತೆ ಹಾಕಿದ ಕಾರ್ಡು ಜರಡಿಯಾಗುತ್ತದೆ. ನೇಗಿಯ ಉದ್ದ ಎಳೆಗಳು ಮೇಲೆ ಸಡಿಲವಾಗಿ ತೇಲಿ ಉಗುರಿಗೆ ಸಿಕ್ಕುತ್ತವೆ. ಕಾಗದಕ್ಕೆ ಒಗ್ಗುವುದು ಗವಂತಿ ಮತ್ತು ಅದರ ತಂಗಿ ಮುರ್ಗಿ, ಅಷ್ಟೇ.

ಇಲ್ಲೇ ನನಗೆ ಈ ಕೆಲಸದ ಸ್ವಾರಸ್ಯ ಸಿಕ್ಕಿದ್ದು. ಕಾರ್ಡಿನ ಮೇಲೆ ಹೊಲಿಯುವವರ ದೊಡ್ಡ ತಲೆನೋವು ಹಿಂಬದಿ. ಸಾಮಾನ್ಯ ಹೊಲಿಗೆಯ ಕಾರ್ಡನ್ನು ತೆರೆದರೆ ಒಳಗಡೆ ಅಡ್ಡಾದಿಡ್ಡಿ ದಾರ, ಸೆಲ್ಲೋಟೇಪು, ಗಂಟು. ಅದನ್ನು ಮುಚ್ಚಲು ಇನ್ನೊಂದು ಹಾಳೆ ಅಂಟಿಸುತ್ತಾರೆ. ಫೆವಿಕಾಲ್ ಸ್ವಲ್ಪ ಹೆಚ್ಚಾದರೆ ಕೈಕಾಗದ ನೀರು ಕುಡಿದು ಹಪ್ಪಳದ ಹಾಗೆ ಸುರುಳುತ್ತದೆ. ಗವಂತಿಗೆ ಹಿಂಬದಿಯೇ ಇಲ್ಲ. ಕಾರ್ಡು ತೆರೆದರೆ ಎಡಗಡೆ ಅದೇ ತೇರು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಂತಿರುತ್ತದೆ. ಮುಚ್ಚುವುದಕ್ಕೆ ಏನೂ ಇಲ್ಲ. ನೂರಾರು ವರ್ಷ ಸೆರಗಿನ ಎರಡೂ ಮಗ್ಗುಲು ಕಾಣಲೆಂದು ಬೆಳೆದ ಹೊಲಿಗೆ, ಮಡಿಸಿದ ಕಾರ್ಡಿಗೆಂದೇ ಹುಟ್ಟಿದ ಹಾಗಿದೆ. ಒಂದೇ ತೊಡಕು ದಾರದ ತುದಿ. ಬಟ್ಟೆಯಲ್ಲಿ ಅದನ್ನು ಹೊಲಿಗೆಯ ಅಡಿಗೆ ತೂರಿಸಿ ಮರೆಮಾಡಬಹುದು, ಇಲ್ಲಿ ಆಗದು. ಹೋದ ದಾರಿಯಲ್ಲೇ ವಾಪಸು ಬರುವುದರಿಂದ ಸೂಜಿ ಕೊನೆಗೆ ಹೊರಟ ತೂತಿಗೇ ಬಂದು ಮುಟ್ಟುತ್ತದೆ. ಎರಡು ತುದಿಗಳನ್ನೂ ಅಲ್ಲೇ ಒಂದು ಹನಿ ಅಂಟಿನಲ್ಲಿ ಗೆರೆಯ ಮೇಲೆಯೇ ಮಲಗಿಸಿಬಿಟ್ಟರೆ ಬೆರಳಿಗೆ ತಾಗೀತೇ ಹೊರತು ಕಣ್ಣಿಗೆ ಬೀಳುವುದಿಲ್ಲ.

ಹೊಲಿದ ಕಾರ್ಡೆಂದು ಈ ಊರಿನಲ್ಲಿ ಮಾರುವುದರಲ್ಲಿ ಬಹುಪಾಲು ಹೊಲಿದದ್ದಲ್ಲ, ಅಂಟಿಸಿದ್ದು. ಮದುವೆಯ ಅದ್ದೂರಿ ಪತ್ರಿಕೆಗಳ ಮೇಲಿನ ಜರಿ ನವಿಲು ಬಟ್ಟೆಯ ಮೇಲೆ ಅಡ್ಡಾ ಎಂಬ ಚೌಕಟ್ಟಿನಲ್ಲಿ, ಆರಿ ಎಂಬ ಕೊಕ್ಕೆ ಸೂಜಿಯಲ್ಲಿ ಆದ ಕೆಲಸ. ಮಾಡಿದವರು ಹೆಚ್ಚಾಗಿ ಬಿಹಾರ, ಉತ್ತರ ಪ್ರದೇಶಗಳಿಂದ ಬಂದು ಧಾರಾವಿ, ಮದನಪುರಾಗಳ ಕಾರಖಾನೆಗಳಲ್ಲಿ ಕಾಲು ಮಡಿಸಿ ಕೂತವರು. ಕತ್ತರಿಸಿ ಕಾರ್ಡಿಗೆ ಅಂಟಿಸುವುದು ಆಮೇಲಿನ ಮಾತು. ದಾದರಿನಲ್ಲಿ ಸಿಗುವ ಖಣದ ಪಟ್ಟಿ ಅಂಟಿಸಿದ ಕಾರ್ಡುಗಳೂ ಹಾಗೆಯೇ. ನನಗೆ ಅವುಗಳ ಮೇಲೆ ಸಿಟ್ಟೇನಿಲ್ಲ, ಆದರೆ ಆ ಕಾಗದಕ್ಕೆ ಸೂಜಿಯ ಪರಿಚಯವೇ ಆಗಿಲ್ಲ. ಈ ಅಂಟಿಸುವ ದಾರಿಗೂ ದೊಡ್ಡ ಚರಿತ್ರೆಯಿದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಹೆಂಗಸರು ತೆಳು ರೇಷ್ಮೆಯ ಪಟ್ಟಿಯ ಮೇಲೆ ಹೂವು, ಬಾವುಟ ಹೊಲಿದು ಕಾರ್ಡಿನ ಚೌಕಟ್ಟಿಗೆ ಕೂರಿಸುತ್ತಿದ್ದರು. ಸೈನಿಕರು ಕಂದಕಗಳಿಂದ ಅವನ್ನು ಮನೆಗೆ ಕಳಿಸುತ್ತಿದ್ದರು. ಅಂಥವು ಒಂದು ಕೋಟಿಯಷ್ಟು ತಯಾರಾದವೆಂದು ಅಂದಾಜು.

ಕಾಗದಕ್ಕೇ ಸೂಜಿ ಹಾಕಿದವರ ಸಾಲಿನಲ್ಲಿ ನನಗೆ ಇಷ್ಟವಾಗುವ ಹೆಂಗಸು ಮೇರಿ ಎವರೆಸ್ಟ್ ಬೂಲ್ (1832–1916). ಭಾರತದ ಸರ್ವೇಯರ್ ಜನರಲ್ ಆಗಿದ್ದ, ಶಿಖರಕ್ಕೆ ಹೆಸರು ಕೊಟ್ಟ ಜಾರ್ಜ್ ಎವರೆಸ್ಟನ ತಮ್ಮನ ಮಗಳು, ತರ್ಕದ ಬೀಜಗಣಿತ ಕಟ್ಟಿದ ಜಾರ್ಜ್ ಬೂಲ್‌ನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಐದು ಹೆಣ್ಣುಮಕ್ಕಳನ್ನು ಸಾಕಿದಾಕೆ. ತೂತು ಹಾಕಿದ ಕಾರ್ಡು, ಬಣ್ಣದ ದಾರ ಕೊಟ್ಟು ಮಕ್ಕಳಿಗೆ ರೇಖಾಗಣಿತ ಕಲಿಸಬಹುದೆಂದು ಆಕೆ ಹೇಳಿದಳು. ಒಂದು ಮೂಲೆಯ ಎರಡು ಬದಿಗಳಲ್ಲಿ ಸಮದೂರಕ್ಕೆ ತೂತು ಹಾಕಿ, ಈ ಬದಿಯ ಮೊದಲನೆಯದಕ್ಕೆ ಆ ಬದಿಯ ಕಡೆಯದು, ಎರಡನೆಯದಕ್ಕೆ ಕಡೆಯಿಂದ ಎರಡನೆಯದು ಎಂದು ನೆಟ್ಟಗೆ ದಾರ ಎಳೆಯುತ್ತ ಹೋದರೆ, ಯಾರೂ ಬಗ್ಗಿಸದೆಯೇ ಒಂದು ಬಾಗಿದ ಗೆರೆ ಹುಟ್ಟುತ್ತದೆ. ಪ್ಯಾರಬೋಲ ಎಂಬ ಹೆಸರು ಮಗುವಿಗೆ ಆಮೇಲೆ ತಿಳಿದರೂ ನಡೆಯುತ್ತದೆ. ನಮ್ಮ ಕಟ್ಟಡದ ಮಕ್ಕಳಿಗೆ ಇದನ್ನು ಹೇಳಿಕೊಟ್ಟ ದಿನ ಮೂರು ಸೂಜಿ ಕಳೆದುಹೋದವು. ಎರಡು ಸಿಕ್ಕವು. ಮೂರನೆಯದು ಸಿಗುವವರೆಗೆ ಮನೆಯಲ್ಲಿ ಯಾರೂ ಬರಿಗಾಲಲ್ಲಿ ಓಡಾಡಲಿಲ್ಲ.

ಮಳೆಗಾಲ ಈ ಕೆಲಸಕ್ಕೆ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯ ಗಾಳಿಯೇ ಒದ್ದೆ. ಕೈಕಾಗದ ತೇವ ಕುಡಿದು ಮೆತ್ತಗಾಗುತ್ತದೆ, ತೂತು ದೊಡ್ಡದಾಗುತ್ತದೆ, ಹೊಲಿದಿಟ್ಟ ಕಾರ್ಡಿನ ಮೇಲೆ ಬೂಷ್ಟಿನ ಚುಕ್ಕಿ ಏಳುತ್ತವೆ. ಅಕ್ಕಿ ಡಬ್ಬಿಯಂಥ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಳೆಗಳನ್ನು ಮುಚ್ಚಿಟ್ಟು ಆ ನಾಲ್ಕು ತಿಂಗಳು ನಕ್ಷೆ ಬರೆಯುವುದು ಮೇಲು.

ಮಳೆ ನಿಂತ ಮೇಲೆ ನನ್ನ ಕಾರ್ಖಾನೆ ಲೋಕಲಿನ ಮಹಿಳಾ ಡಬ್ಬಿಯಲ್ಲಿ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಒಂದು ಗಂಟೆಯ ಮೇಲಿನ ದಾರಿ. ಅಲ್ಲಿ ಸೊಪ್ಪು ಸೋಸುವವರು, ಕ್ರೋಶಾ ಹಾಕುವವರು, ಭಜನೆ ಹೇಳುವವರು ಎಲ್ಲರೂ ಉಂಟು. ಅಲುಗಾಡುವ ಗಾಡಿಯಲ್ಲಿ ಬಟ್ಟೆಯ ಎಳೆ ಎಣಿಸುವುದು ಅಸಾಧ್ಯ. ಆದರೆ ರಾತ್ರಿಯೇ ತೂತು ಹಾಕಿಟ್ಟ ಕಾರ್ಡಿಗೆ ಎಣಿಕೆಯ ಹಂಗಿಲ್ಲ, ಸೂಜಿ ತೂತನ್ನು ತಾನೇ ಹುಡುಕಿಕೊಳ್ಳುತ್ತದೆ. ಕಿಟಕಿ ಬದಿ ಸಿಕ್ಕರೆ ಮಾತ್ರ. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಅರ್ಧ ತೊಡೆ ಊರಿ ಕೂತಾಗ ಸೂಜಿ ಹೊರತೆಗೆದರೆ ಪಕ್ಕದವಳ ಬೈಗುಳ ಖಂಡಿತ, ಅದು ನ್ಯಾಯವೂ ಹೌದು.

ಇನ್ನು ಬೆಲೆ. ಅಂಗೈಯಗಲದ ತೇರಿಗೆ ನಕ್ಷೆ ಬಿಟ್ಟು, ತೂತಿಗೆ, ಹೊಲಿಗೆಗೆ ನನಗೆ ಮೂರು ಗಂಟೆ. ಗಂಟೆಗೆ ನೂರು ರೂಪಾಯಿ ಹಿಡಿದರೂ ಮುನ್ನೂರು, ಕಾಗದ ದಾರ ಬೇರೆ. ಹಬ್ಬದ ಮೇಳವೊಂದರಲ್ಲಿ ಗೆಳತಿಯ ಮಳಿಗೆಯ ಮೂಲೆಯಲ್ಲಿ ಹತ್ತು ಕಾರ್ಡು ಇಟ್ಟಿದ್ದೆ. ಬಂದವರು ಎತ್ತಿ ನೋಡುತ್ತಿದ್ದರು, ಮೆಚ್ಚುತ್ತಿದ್ದರು, ಬೆಲೆ ಕೇಳಿ ಹುಷಾರಾಗಿ ಇಟ್ಟಲ್ಲೇ ಇಡುತ್ತಿದ್ದರು. ಒಬ್ಬರು "ಇದು ಪ್ರಿಂಟಾ?" ಎಂದರು. ಹೊಲಿಗೆಯ ಫೋಟೋ ತೆಗೆದು ಮುದ್ರಿಸಿದ ಕಾರ್ಡುಗಳು ಬಂದಿರುವಾಗ ಅವರನ್ನು ದೂರಿ ಪ್ರಯೋಜನವಿಲ್ಲ. ಈ ಊರಿನಲ್ಲೇ 1979ರಲ್ಲಿ ರಿಪ್ಪನ್ ಕಪೂರ್ ಮತ್ತು ಗೆಳೆಯರು 50 ರೂಪಾಯಿ ಕೈಯಲ್ಲಿಟ್ಟುಕೊಂಡು ಕ್ರೈ ಸಂಸ್ಥೆ ಕಟ್ಟಿ, ಶುಭಾಶಯ ಪತ್ರ ಮಾರಿ ಮಕ್ಕಳಿಗಾಗಿ ಹಣ ಕೂಡಿಸಿದ್ದರು. ಆಗ ಹೊಸವರ್ಷಕ್ಕೆ ಕಾರ್ಡು ಕಳಿಸದ ಕಚೇರಿ ಇರಲಿಲ್ಲ. ಈಗ ಶುಭಾಶಯಗಳೆಲ್ಲ ಮೊಬೈಲಿಗೆ ಬೀಳುತ್ತವೆ. ಕಾರ್ಡು ಬೇಕಾದವರು ಕಡಮೆ, ಬೇಕೆಂದವರಿಗೆ ಮಾತ್ರ ಅದು ಎಸೆಯುವ ವಸ್ತುವಲ್ಲ. ಮೇಳದ ಕಡೆಯ ದಿನ ಕೊಂಡ ಒಬ್ಬರೇ ಒಬ್ಬರು ಚೌಕಟ್ಟು ಹಾಕಿಸುತ್ತೇನೆಂದರು. ಎರಡೂ ಕಡೆ ಗಾಜಿನದು ಹಾಕಿಸಿ ಅನ್ನುವ ಆಸೆಯಾಯಿತು, ಖರ್ಚು ಅವರದೆಂದು ಸುಮ್ಮನಾದೆ.

ಲಗ್ನಪತ್ರಿಕೆಗೂ ಕೇಳುವವರಿದ್ದಾರೆ. ಐನೂರು ಪತ್ರಿಕೆಗೆ ತೇರು ಹೊಲಿಯುವುದು ಆಗದ ಮಾತು. ಕುಲದೇವರ ಮುಂದಿಡುವ ಮೊದಲ ಪತ್ರಿಕೆಗೆ ಒಂದು ಹೊಲಿದು ಕೊಡುತ್ತೇನೆ. ಮೂಲೆಗಳಿಗೆ ಅರಿಶಿನ ಹಚ್ಚುವಾಗ ಜೋಪಾನ ಅನ್ನುತ್ತೇನೆ. ಕೈಕಾಗದ ಅರಿಶಿನವನ್ನು ಎಷ್ಟು ಹೀರುತ್ತದೆಂದರೆ ಮೂಲೆಗೆ ಇಟ್ಟದ್ದು ತೇರಿನ ಗಾಲಿಯವರೆಗೆ ಹಬ್ಬುತ್ತದೆ.

ಉತ್ತರ ಸಿಕ್ಕ ಆ ಮರುವರ್ಷದ ದೀಪಾವಳಿಗೆ ಚಿಗವ್ವನಿಗೆ ಒಂದು ತೇರು ಹೊಲಿದೆ. ಕುಂಕುಮಗೆಂಪು ದಾರ, ಒಂದೇ ಎಳೆ, ಎರಡೂ ಕಡೆ ಗವಂತಿ. ಒಳಗೆ ಬಲಗಡೆ ನಾಲ್ಕು ಸಾಲು ಬರೆದೆ. ಅಂಚೆಯ ಮುದ್ರೆಯ ಏಟು ದಾರಕ್ಕೆ ತಾಗದಿರಲೆಂದು ಮೇಲೊಂದು ಕೆಳಗೊಂದು ದಪ್ಪ ರಟ್ಟು ಇಟ್ಟು, ಗೋಳಗುಮ್ಮಟದಡಿ ಸಾಲಿನಲ್ಲಿ ನಿಂತು ಧಾರವಾಡಕ್ಕೆ ಕಳಿಸಿದೆ. ಐದನೆಯ ದಿನ ಫೋನು ಬಂತು.

"ಕಾರ್ಡ ಬಂತು. ತೇರಿನ ಎಡಗಡೆ, ಕಳಸದ ಕೆಳಗ, ಒಂದ ಮನಿ ಬಿಟ್ಟೀ ನೋಡು."

ಬರೆದದ್ದನ್ನು ಓದಿದೆಯಾ ಎಂದು ಕೇಳಿದೆ.

"ಇಲ್ಲವಾ. ಚಾಳೀಸ ಎಲ್ಲಿಟ್ಟೀನೋ ಸಿಗವಲ್ದು. ಕೈ ಆಡಿಸಿದೆ, ತಿಳೀತು."